ಮಡಿ ಹಗ್ಗದ ಮೇಲೆ ಉಪ್ಪಿಟ್ಟು

ನಮ್ಮ ಮಾವನಷ್ಟು ಮಡಿವಂತರು ಇಡೀ ಜೆಪ್ಪುವಿನಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಪ್ಯಾಕೆಟ್ ತಿಂಡಿ ತಿನ್ನುವವರೂ ಇಲ್ಲ. ಈ ಎರಡೂ ಮಾತು ಒಬ್ಬರೇ ಮನುಷ್ಯರ ಬಗ್ಗೆ ಹೇಗೆ ನಿಜವಾದೀತು ಎಂದು ನೀವು ಕೇಳಬಹುದು. ನಾನೂ ಬಹಳ ಕಾಲ ಅದನ್ನೇ ಕೇಳಿಕೊಂಡಿದ್ದೇನೆ. ಉತ್ತರ ಸಿಗುವ ಹೊತ್ತಿಗೆ ನಾನು ಕಲಿತ ವಿದ್ಯೆಯ ಮೇಲೇ ನನಗೆ ಸಣ್ಣ ಅನುಮಾನ ಬಂದುಬಿಟ್ಟಿತ್ತು!

ವಿದ್ಯೆ ಎಂದರೆ ದೊಡ್ಡದೇನಲ್ಲ. ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಡಯಟಿಶಿಯನ್. ಬೆಳಿಗ್ಗೆಯಿಂದ ಸಂಜೆಯವರೆಗೆ "ಪ್ಯಾಕೆಟಿನದ್ದು ಬೇಡ, ಮನೆಯಲ್ಲಿ ಮಾಡಿದ್ದು ತಿನ್ನಿ" ಎಂದು ಹೇಳುವುದೇ ನನ್ನ ಕೆಲಸ. ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಹೀಗೆ ವಾರವಿಡೀ ಊರಿಗೆಲ್ಲ ಉಪದೇಶ ಮಾಡಿ, ಭಾನುವಾರ ಮಾವನ ಮನೆಗೆ ಹೋದರೆ ಅಲ್ಲಿ ಕಪಾಟಿನ ತುಂಬ ಉಪ್ಪಿಟ್ಟು ಮಿಕ್ಸ್, ಶಾವಿಗೆ ಮಿಕ್ಸ್, ರವೆ ಇಡ್ಲಿ ಮಿಕ್ಸ್, ಸಾರಿನ ಪೇಸ್ಟ್, ತೆಂಗಿನ ಹಾಲಿನ ಪುಡಿ. ಇವೆಲ್ಲ ಹೋಗಲಿ ಎನ್ನೋಣ. ಅವುಗಳ ನಡುವೆ ನೀರುದೋಸೆ ಮಿಕ್ಸ್ ಕೂಡ ಇತ್ತು! ನೀರುದೋಸೆಗೆ ಬೇಕಾದದ್ದು ಎಂತ? ಅಕ್ಕಿ, ನೀರು, ಚಿಟಿಕೆ ಉಪ್ಪು. ಅದಕ್ಕೂ ಪ್ಯಾಕೆಟ್ ತರುವ ಮನುಷ್ಯರನ್ನು ಏನೆನ್ನಬೇಕು? ಪುಣ್ಯಕ್ಕೆ ನೀರು ಮಾತ್ರ ನಮ್ಮ ನಗರಪಾಲಿಕೆಯದ್ದೇ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಊರಿನ ಒಂದು ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡಿದ್ದು, ಪ್ರಾಯವಾದ ಮೇಲೆ ಬಿಟ್ಟವರು. ಪೂಜೆಗಿಂತ ಹೆಚ್ಚಾಗಿ ಜನ ಅವರನ್ನು ನೆನಪಿಟ್ಟುಕೊಂಡದ್ದು ಸೌಟಿಗೆ. ದೇವಸ್ಥಾನದಲ್ಲಿ ಸಂತರ್ಪಣೆ ಇದ್ದರೆ ಮಾವ ಶಾಲು ಬಿಗಿದು ಒಲೆಯ ಹತ್ತಿರ ನಿಲ್ಲುತ್ತಿದ್ದರು. ಅವರ ಸಿಹಿಖಾರದ ಅನಾನಸ್ ಮೆಣಸ್ಕಾಯಿ ಉಂಡವರು ದೇವರಿಗೆ ಕೈಮುಗಿಯುವುದನ್ನು ಮರೆತು ನೇರ ಅಡುಗೆಕೋಣೆಗೆ ಬಂದು ಕೈಮುಗಿದದ್ದುಂಟು. ಒಮ್ಮೆ ಸಾರಿಗೆ ಯಾರೋ ಹಳೆಯ ಇಂಗು ಹಾಕಿದರೆಂದು ಒಂದು ಕೊಪ್ಪರಿಗೆ ಸಾರನ್ನೇ ತೆಂಗಿನಮರದ ಬುಡಕ್ಕೆ ಹೊಯ್ಯಿಸಿದವರು ಇವರು. ಆ ಮರದಲ್ಲಿ ಮರುವರ್ಷ ಕಾಯಿ ಜಾಸ್ತಿ ಬಂತು ಎಂದು ಹೇಳುವವರೂ ಇದ್ದಾರೆ. ಅಂಥ ನಾಲಗೆಯ ಮನುಷ್ಯ ಈಗ ಪ್ಯಾಕೆಟ್ ಕತ್ತರಿಸಿ, ಬಿಸಿನೀರಿಗೆ ಸುರಿದದ್ದನ್ನು ತಿಂದು "ಫಸ್ಟ್ ಕ್ಲಾಸ್" ಎನ್ನುತ್ತಾರೆಂದರೆ ನನಗೆ ಹೇಗಾಗಬೇಡ!

"ಎಂತ ಮಾವ ಇದು? ನಿಮ್ಮ ಮಡಿ ಎಲ್ಲಿಗೆ ಹೋಯ್ತು?" ಎಂದು ಮೊದಲ ಸಲ ಕೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡರು. ಕನ್ನಡಕ ಸರಿಮಾಡಿಕೊಂಡರೆಂದರೆ ಒಂದು ಸಿದ್ಧಾಂತ ಹೊರಬೀಳುತ್ತದೆ ಎಂದು ಅರ್ಥ. (ನಮ್ಮ ಮನೆಮಾತು ತುಳು. ಓದುವವರಿಗೆಂದು ನಾನಿದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೈಗುಳದ ಖಾರ ಸ್ವಲ್ಪ ಕಡಿಮೆಯಾದರೆ ಸುಧಾರಿಸಿಕೊಳ್ಳಿ.)

"ನೀನು ಡಯಟಿಶಿಯನ್ ಅಲ್ವಾ, ಹೇಳು. ಮೈಲಿಗೆ ಬರುವುದು ಯಾವುದರಿಂದ?"

"ಮುಟ್ಟುವುದರಿಂದ."

"ಮುಟ್ಟುವುದು ಯಾರು?"

"ಮನುಷ್ಯರು."

"ಈ ಪ್ಯಾಕೆಟಿನ ಹಿಂದೆ ಎಂತ ಬರೆದಿದ್ದಾರೆ, ಓದು. ಪೂರ್ತಿ ಮಿಷನಿನಲ್ಲೇ ತಯಾರಾದದ್ದು, ಕೈ ಮುಟ್ಟಿಲ್ಲ. ಮಿಷನಿಗೆ ಸೂತಕ ಉಂಟಾ? ಮಿಷನಿಗೆ ಎಂಜಲು ಉಂಟಾ? ಇದಕ್ಕಿಂತ ದೊಡ್ಡ ಮಡಿ ಯಾವ ಅಡುಗೆಮನೆಯಲ್ಲಿ ಉಂಟು, ತೋರಿಸು ನೋಡುವಾ."

ಓದಿದವಳು ನಾನು. ಬರೆದದ್ದು ಹೌದಾಗಿತ್ತು. ಆದರೂ ಬಿಡಲಿಲ್ಲ. "ಮಿಷನಿನಿಂದ ಹೊರಗೆ ಬಂದ ಮೇಲೆ ಲಾರಿ ಹತ್ತಿದೆ, ಗೋಡೌನಿನಲ್ಲಿ ಮಲಗಿದೆ, ಅಂಗಡಿಯಲ್ಲಿ ಹತ್ತು ಜನ ಹಿಸುಕಿ ನೋಡಿದ್ದಾರೆ. ಅದಕ್ಕೆಂತ ಹೇಳ್ತೀರಿ?"

"ಅದು ಕವರಿನ ಮೈಲಿಗೆ. ಅದನ್ನು ತೊಳೀತೇನೆ" ಎಂದರು ಮಾವ.

ತೊಳೆಯುತ್ತಿದ್ದರು ಕೂಡ! ಅಂಗಡಿಯಿಂದ ಬಂದ ಪ್ಯಾಕೆಟ್‌ಗಳನ್ನೆಲ್ಲ ನಲ್ಲಿಯ ಕೆಳಗೆ ಹಿಡಿದು, ಹಿಂದೆ ಮುಂದೆ ಉಜ್ಜಿ ತೊಳೆದು, ಬಾಲ್ಕನಿಯಲ್ಲಿ ಕಟ್ಟಿದ ಮಡಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದರು. ಒಂದು ಬದಿಯಲ್ಲಿ ಅವರ ಪಂಚೆ, ಅದರ ಪಕ್ಕ ಶಾಲು, ಅದರಾಚೆಗೆ ಸಾಲಾಗಿ ಉಪ್ಪಿಟ್ಟು ಮಿಕ್ಸ್. ಮೂರನೇ ಮಹಡಿಯ ಆ ದೃಶ್ಯ ಕೆಳಗಿನ ರಸ್ತೆಯವರೆಗೂ ಕಾಣಿಸುತ್ತಿತ್ತು. ಎದುರು ಫ್ಲ್ಯಾಟಿನಲ್ಲಿ ನಿವೃತ್ತ ಟೀಚರೊಬ್ಬರಿದ್ದಾರೆ. ಅವರು ತಮ್ಮ ಬಾಲ್ಕನಿಯಿಂದಲೇ ಕೇಳಿದರಂತೆ.

"ಭಟ್ರೇ, ಅದು ಮಾರ್ಲಿಕ್ಕಾ?"

"ಅಲ್ಲ ಟೀಚರ್, ಒಣಗ್ಲಿಕ್ಕೆ."

ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಸುದ್ದಿ: ಮೇಲಿನ ಮನೆಯ ಭಟ್ರು ಉಪ್ಪಿಟ್ಟು ಒಗೆದು ಹಾಕಿದ್ದಾರೆ!

ಮಾವನ ಜೊತೆ ಸೂಪರ್ ಮಾರ್ಕೆಟಿಗೆ ಹೋಗುವುದು ಇನ್ನೊಂದು ಅನುಭವ. ನಿಮ್ಮ ಶತ್ರುಗಳಿಗೂ ಬೇಡ. ಬಿಳಿ ಪಂಚೆ, ಹೆಗಲಿಗೆ ಶಾಲು, ಹಣೆಯಲ್ಲಿ ಗಂಧ ಮತ್ತು ಅಂಗಾರದ ಗೆರೆ, ಕೈಯಲ್ಲಿ ಒಂದು ಭೂತಗನ್ನಡಿ. ತಳ್ಳುಗಾಡಿ ತಳ್ಳುವವಳು ನಾನು. ಒಂದೊಂದು ಪ್ಯಾಕೆಟನ್ನೂ ಜಾತಕ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನೀರುಳ್ಳಿಯ ಪುಡಿ ಕಂಡರೆ "ಆಗುವುದಿಲ್ಲ", ಬೆಳ್ಳುಳ್ಳಿ ಕಂಡರೆ "ಶಿವ ಶಿವ". ಎರಡೂ ಇಲ್ಲದಿದ್ದರೆ, ಹೆಣ್ಣಿನ ಕಡೆಯವರು ಒಪ್ಪಿದ ಹಾಗೆ ಮುಖ ಅರಳಿಸಿ ಗಾಡಿಗೆ ಹಾಕುತ್ತಾರೆ. ಉಪ್ಪು ಎಷ್ಟುಂಟು ಎಂದು ಬರೆದ ಸಾಲಿಗೆ ಮಾತ್ರ ಆ ಭೂತಗನ್ನಡಿ ಒಮ್ಮೆಯೂ ಬರುವುದಿಲ್ಲ. ನಾನು ಬೆರಳಿಟ್ಟು ತೋರಿಸಿದರೆ, "ಅಕ್ಷರ ಸಣ್ಣದು ಮಾರಾಯ್ತಿ" ಎನ್ನುತ್ತಾರೆ.

ಇಂಥ ವೇಷದ ಮನುಷ್ಯ ಕಂಡರೆ ನಮ್ಮ ಜನ ಸುಮ್ಮನಿರುತ್ತಾರಾ? ಬಿಲ್ಲಿನ ಸಾಲಿನಲ್ಲಿ ಒಬ್ಬರು ಹೆಂಗಸು ಹಿಂದಿನಿಂದ ಬಂದು ಮೆಲ್ಲಗೆ ಕೇಳಿದರು. "ಭಟ್ರೇ, ಏಕಾದಶಿಗೆ ಓಟ್ಸ್ ತಿನ್ಬಹುದಾ?"

ಮಾವ ಕನ್ನಡಕ ಸರಿಮಾಡಿಕೊಂಡರು. "ನೋಡಿ ಅಮ್ಮಾ, ನಮ್ಮ ಋಷಿಗಳಿಗೆ ಓಟ್ಸ್ ಎಂಬುದು ಒಂದುಂಟು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಿನ್ಬೇಡಿ ಅಂತ ಅವರು ಹೇಗೆ ಹೇಳಿಯಾರು?"

ಆ ಹೆಂಗಸು ಕೃತಾರ್ಥರಾಗಿ ಹೋಗಿ ಇನ್ನೊಂದು ಡಬ್ಬ ಓಟ್ಸ್ ತಂದರು. ಸಾಲಿನಲ್ಲಿದ್ದ ಮತ್ತಿಬ್ಬರು ಚಿಪ್ಸಿನ ಬಗ್ಗೆ ವಿಚಾರಿಸಿದರು. ಬಟಾಟೆ ಗೆಡ್ಡೆಯಾದ್ದರಿಂದ ಅದಕ್ಕೂ ಅಪ್ಪಣೆ ಸಿಕ್ಕಿತು. ಆ ಅಂಗಡಿಯವರು ಮಾವನಿಗೆ ತಿಂಗಳಿಗಿಷ್ಟು ಎಂದು ದಕ್ಷಿಣೆ ಕೊಟ್ಟರೂ ತಪ್ಪಿಲ್ಲ ಎಂದುಕೊಂಡೆ.

ಇನ್ನು ಅತ್ತೆಯ ವಿಷಯ ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಅತ್ತೆ ಎಂದರೆ ಮಾವನ ಹೆಂಡತಿ. ಅವರಿಗೆ ಮಕ್ಕಳಿಲ್ಲ, ಆ ಜಾಗದಲ್ಲಿ ನಾನಿದ್ದೇನೆ. ಮಾವ ಸಾವಿರ ಜನರಿಗೆ ಬೇಯಿಸಿ ಹಾಕಿದವರಾದರೂ ಸ್ವಂತ ಮನೆಯ ಒಲೆಯ ಹತ್ತಿರ ಅತ್ತೆ ಅವರನ್ನು ಯಾವತ್ತೂ ಬಿಟ್ಟವರಲ್ಲ. "ದೇವಸ್ಥಾನದಲ್ಲಿ ನಿಮ್ಮ ರಾಜ್ಯ, ಇಲ್ಲಿ ನನ್ನದು" ಎನ್ನುವುದು ಮದುವೆಯಾದ ಹೊಸತರಲ್ಲೇ ಆದ ಒಪ್ಪಂದ. ಅಡುಗೆಯಲ್ಲಿ ಅತ್ತೆ ಮಾವನಿಗಿಂತ ಒಂದು ಕೈ ಮೇಲೆ ಎಂದು ಮಾವನೇ ಹೇಳುತ್ತಿದ್ದರು, ಅದೂ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ. ಅಂಥ ಅತ್ತೆ ಈಗ ಬಂದವರ ಹತ್ತಿರವೆಲ್ಲ ಒಂದೇ ದೂರು ಹೇಳುತ್ತಾರೆ.

"ಮಾಡಿ ಹಾಕ್ಲಿಕ್ಕೆ ನಾನು ತಯಾರಿದ್ದೇನೆ. ಇವರಿಗೆ ಬೇಡ. ಪ್ಯಾಕೆಟೇ ಆಗ್ಬೇಕಂತೆ. ಈ ಪ್ರಾಯದಲ್ಲಿ ಎಂತೆಂಥ ಹುಚ್ಚು ಹಿಡೀತದೆ ನೋಡಿ!"

ಹಾಗೆ ಹೇಳುವಾಗ ಅತ್ತೆಯ ಮುಖದಲ್ಲಿ ಸಿಟ್ಟಿಗಿಂತ ಗತ್ತು ಹೆಚ್ಚಿರುತ್ತಿತ್ತು. ಕೇಳಿದವರು ಮಾವನನ್ನು ನೋಡಿ ನಗುತ್ತಿದ್ದರು. ಮಾವನೂ ಅವರ ಜೊತೆ ಸೇರಿ ನಗುತ್ತಿದ್ದರು.

ಉಳ್ಳಾಲದ ಹತ್ತಿರದ ಒಂದು ಉಪನಯನಕ್ಕೆ ಇಬ್ಬರನ್ನೂ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಅಡುಗೆಯವರು ಮಾವನ ಕೈಕೆಳಗೇ ಕಲಿತವರು. ಗುರುಗಳು ಬಂದಿದ್ದಾರೆಂದು ಮೆಣಸ್ಕಾಯಿಯನ್ನು ತಾವೇ ಬಡಿಸಿದರು. ಮಾವ ಒಮ್ಮೆ ಹಾಕಿಸಿಕೊಂಡರು, ಮತ್ತೊಮ್ಮೆ ಹಾಕಿಸಿಕೊಂಡರು, ಆಮೇಲೆ ಅನ್ನ ಬಿಟ್ಟು ಬರೀ ಮೆಣಸ್ಕಾಯಿಗೆ ಎಲೆಯಲ್ಲಿ ಜಾಗ ಮಾಡಿದರು. ನಾನು ಎದುರು ಪಂಕ್ತಿಯಲ್ಲಿ ಕೂತು ನೋಡುತ್ತಿದ್ದೆ. ಅಂತೂ ಹುಚ್ಚು ಬಿಟ್ಟಿತು ಎಂದು ಸಂತೋಷವೂ ಆಯಿತು. ವಾಪಸು ಬರುವಾಗ ನೇತ್ರಾವತಿ ಹೊಳೆಯ ಸಂಕ ದಾಟುತ್ತಿದ್ದ ಹಾಗೆ ಹಿಂದಿನ ಸೀಟಿನಿಂದ ಮಾವನ ಸ್ವರ ಕೇಳಿಸಿತು.

"ಎಂತ ಅಡುಗೆಯೋ ಏನೋ, ಒಂದಕ್ಕೂ ರುಚಿ ಇಲ್ಲ. ಮನೆಗೆ ಹೋದ ಕೂಡಲೇ ಒಂದು ಪ್ಯಾಕೆಟ್ ಉಪ್ಪಿಟ್ಟು ಮಾಡು, ಆಯ್ತಾ?"

"ನಿಮ್ಮದೊಂದು" ಎಂದರು ಅತ್ತೆ. ನಾನು ಕನ್ನಡಿಯಲ್ಲಿ ನೋಡಿದೆ. ಮಾವನ ಶಾಲಿನ ಮೇಲೆ ಮೆಣಸ್ಕಾಯಿಯ ಕಲೆ ಇನ್ನೂ ಒದ್ದೆಯಾಗಿಯೇ ಇತ್ತು!

ಇಷ್ಟಾಗಿದ್ದರೆ ತಮಾಷೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಒಂದು ದಿನ ಮಾವನಿಗೆ ತಲೆ ತಿರುಗಿ, ದೇವರಕೋಣೆಯ ಬಾಗಿಲು ಹಿಡಿದು ಕೂತುಬಿಟ್ಟರು. ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಬಿ.ಪಿ. ಜೋರಾಗಿತ್ತು. ಡಾಕ್ಟರು ಮಾತ್ರೆ ಬರೆದು, ಗಂಭೀರವಾಗಿಯೇ ಹೇಳಿದರು. "ಉಪ್ಪು ತುಂಬ ಹೋಗ್ತಾ ಉಂಟು. ಹೀಗೇ ಮುಂದುವರಿದರೆ ಒಂದು ದಿವಸ ಕಷ್ಟವಾದೀತು. ಮನೆಯಲ್ಲಿ ನಿಮ್ಮ ಊಟ ತಿಂಡಿ ನೋಡಿಕೊಳ್ಳುವುದು ಯಾರು?"

ಮಾವ ನನ್ನ ಕಡೆ ಬೆರಳು ತೋರಿಸಿದರು. "ಇವಳೇ. ದೊಡ್ಡ ಎಕ್ಸ್‌ಪರ್ಟ್."

ಡಾಕ್ಟರು ನನ್ನ ಮುಖ ನೋಡಿದರು. ದಿನಾ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಚಾ ಕುಡಿಯುವವರು. ನನ್ನ ಮರ್ಯಾದೆ ಅಲ್ಲೇ ನೆಲಕ್ಕೆ ಬಿತ್ತು. ಮರ್ಯಾದೆ ಹೋಗಲಿ, ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಅಪ್ಪ ತೀರಿಕೊಂಡ ಮೇಲೆ ನನಗೆ ಗದರಿಸಲಿಕ್ಕೆ ಉಳಿದಿರುವುದು ಇವರೊಬ್ಬರೇ. ಒಂದು ರವೆ ಉಪ್ಪಿಟ್ಟಿಗಾಗಿ ಅವರನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಮನೆಗೆ ಬಂದಾಗ ಅತ್ತೆಯೂ ಕಣ್ಣೊರೆಸಿಕೊಂಡು, "ಹೇಗಾದರೂ ಮಾಡಿ ಇವರ ಪ್ಯಾಕೆಟ್ ಬಿಡಿಸು ಮಗಾ. ನಾನು ಹೇಳಿದರೆ ಕೇಳುವುದಿಲ್ಲ" ಎಂದರು.

ಮುಂದಿನ ಭಾನುವಾರ ನಾನು ಸಿದ್ಧಳಾಗಿಯೇ ಹೋದೆ. ಕೈಯಲ್ಲಿ ಎರಡು ದೊಡ್ಡ ಖಾಲಿ ಚೀಲ, ಇನ್ನೊಂದರಲ್ಲಿ ಮಾರ್ಕೆಟಿನಿಂದ ತಂದ ಸೌತೆಕಾಯಿ, ತೆಂಗಿನಕಾಯಿ, ಕರಿಬೇವು. ಒಳಗೆ ಹೋದವಳೇ ಕಪಾಟು ತೆರೆದು ಉಪ್ಪಿಟ್ಟು, ಶಾವಿಗೆ, ಪೇಸ್ಟು, ಪುಡಿ ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಬಾಲ್ಕನಿಗೆ ಹೋಗಿ ಹಗ್ಗದ ಮೇಲೆ ಒಣಗುತ್ತಿದ್ದ ಸಂಸಾರವನ್ನೂ ಬಿಡಲಿಲ್ಲ. ಕೆಳಗೆ ಹೋಗಿ ಕಾರಿನ ಡಿಕ್ಕಿಗೆ ಹಾಕಿ ಬೀಗ ಹಾಕಿ ಬಂದೆ. ಮಾವ ಕನ್ನಡಕವನ್ನೂ ಸರಿಮಾಡಿಕೊಳ್ಳಲಿಲ್ಲ. ಸೋತರು ಎಂದುಕೊಂಡು ನಾನು ಒಳಗೊಳಗೇ ಬೀಗಿದೆ.

"ಇನ್ನು ಮನೆ ಅಡುಗೆ ಅತ್ತೆ. ನಿಮ್ಮ ಕೈಯದ್ದೇ" ಎಂದೆ.

"ಅಷ್ಟು ಮಾಡಿದೆಯಲ್ಲ, ನಿನಗೆ ಪುಣ್ಯ ಬರ್ಲಿ. ಸೌತೆಕಾಯಿ ಕೊದ್ದೆಲ್ ಮಾಡ್ತೇನೆ, ಕಾಯಿ ಹುರಿದು ಹಾಕಿ" ಎಂದು ಅತ್ತೆ ಸೆರಗು ಸಿಕ್ಕಿಸಿದರು. ಕೊದ್ದೆಲ್ ಎಂದರೆ ನಮ್ಮ ಕಡೆಯ ಹುಳಿ. ಅತ್ತೆಯ ಕೊದ್ದೆಲ್ ತಿಂದು ಎಷ್ಟು ಕಾಲವಾಯಿತು! ನಾನೂ ಬರ್ತೇನೆ ಎಂದು ಎದ್ದರೆ, "ನೀನು ಹೊರಗೇ ಕೂತ್ಕೋ. ಆಸ್ಪತ್ರೆ ಸುತ್ತಿ ಬರುವವಳು" ಎಂದು ತಡೆದರು. ಮಡಿ ಎಂದರೆ ಮಡಿ. ನಾನು ಜಗಲಿಯಷ್ಟೇ ಇರುವ ಆ ಹಾಲಿನಲ್ಲಿ ಮಾವನ ಎದುರು ಕೂತೆ. ಮಾವ ಪೇಪರು ಹಿಡಿದಿದ್ದರು.

ಅಡುಗೆಮನೆಯಲ್ಲಿ ಹೆರೆಮಣೆ ಎಳೆದ ಸದ್ದು. ಕಾಯಿ ಹೆರೆಯುವ ಸದ್ದು ನಾಲ್ಕು ಸಲ ಬಂದಿರಬೇಕು. ಆಮೇಲೆ ಟಪ್ಪೆಂದು ಏನೋ ಬಿದ್ದು ನೆಲದ ಮೇಲೆ ಉರುಳಿಕೊಂಡು ಹೋಯಿತು.

"ಎಂತ ಇಲ್ಲ, ಕಾಯಿ ಜಾರಿತು" ಎಂದರು ಅತ್ತೆ ಒಳಗಿನಿಂದಲೇ.

ಪುನಃ ಹೆರೆಯುವ ಸದ್ದು, ಪುನಃ ಟಪ್ಪೆಂದಿತು. ಮಾವ ಪೇಪರು ಓದುತ್ತಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಒಳಗೆ ಏನಾದರೂ ಬಿದ್ದಾಗಲೆಲ್ಲ ಅದರ ಅಂಚು ಅಲುಗುತ್ತಿತ್ತು. ಆಮೇಲೆ ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ. ಮಾವ ಪೇಪರು ಬಿಸಾಡಿ ಎದ್ದು, ಅಡುಗೆಮನೆಯ ಹೊಸ್ತಿಲ ಈಚೆಗೇ ನಿಂತು, ಗೋಡೆಯ ಕಡೆ ಮುಖ ಮಾಡಿ ಜೋರು ಮಾಡಿದರು.

"ಏ, ಕೇಳ್ತದಾ? ನನಗೆ ಕೊದ್ದೆಲೂ ಬೇಡ, ಗಿದ್ದೆಲೂ ಬೇಡ. ಆ ಹುರಿದ ಕಾಯಿಯ ಪರಿಮಳಕ್ಕೇ ಹೊಟ್ಟೆ ತೊಳಸ್ತದೆ. ನನ್ನ ಉಪ್ಪಿಟ್ಟಿನ ಪ್ಯಾಕೆಟ್ ವಾಪಸು ಕೊಡ್ಲಿಕ್ಕೆ ಈ ಹುಡುಗಿಗೆ ಹೇಳು. ಇಲ್ಲದಿದ್ದರೆ ನಾನು ಇವತ್ತು ಊಟಕ್ಕೇ ಕೂತ್ಕೊಳ್ಳುವುದಿಲ್ಲ."

ಹುರಿದ ಕಾಯಿಯ ಪರಿಮಳ! ಹುರಿಯುವುದಿರಲಿ, ಕಾಯಿ ಹೆರೆದೇ ಆಗಿರಲಿಲ್ಲ. ಒಲೆಯನ್ನೂ ಹಚ್ಚಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದರು. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಆದರೂ ಬಲಗೈಯ ಬೆರಳು ಕಂಡಿತು. ಗಂಟುಗಳೆಲ್ಲ ಬಾತು, ಬೆರಳು ಒಂದು ಬದಿಗೆ ವಾಲಿತ್ತು. ಅತ್ತೆಗೆ ಕೈನೋವು ಇದ್ದದ್ದು ಗೊತ್ತಿತ್ತು. ಮಳೆಗಾಲದ ನೋವು, ಹೋಗ್ತದೆ ಎನ್ನುತ್ತಿದ್ದರು, ನಾವೂ ಹೌದೆನ್ನುತ್ತಿದ್ದೆವು. ಅವರ ಕಣ್ಣು ಕೆಂಪಾಗಿತ್ತು. ಆದರೆ ಮಾವನ ಮಾತು ಕೇಳಿದ್ದೇ ತಡ, ಮುಖಕ್ಕೆ ಹಳೆಯ ಗತ್ತು ಬಂದುಬಿಟ್ಟಿತು.

"ನೋಡಿದಿಯಾ ಮಗಾ? ಇಷ್ಟು ಆಸೆಯಲ್ಲಿ ಮಾಡ್ಲಿಕ್ಕೆ ಹೊರಟೆ. ಒಂದು ಹೊತ್ತು ತಡೀಲಿಕ್ಕೆ ಆಗುವುದಿಲ್ಲ ಇವರಿಗೆ. ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ ಅತ್ತೆ" ಎಂದೆ. ಕಾರಿನ ಕೀಲಿ ತೆಗೆದುಕೊಂಡೆ.

ಚೀಲ ತರಲು ಕೆಳಗೆ ಹೋದಾಗ ಮಾವನೂ ಜೊತೆಗೆ ಬಂದರು. ಕಾರಿನ ಹತ್ತಿರ ನಿಂತು, ನಾನು ಏನೂ ಕೇಳದೆಯೇ ಹೇಳಿದರು.

"ಅಡುಗೆ ನಾನು ಮಾಡ್ತೇನೆ ಅಂತ ಒಮ್ಮೆ ಹೇಳಿ ನೋಡಿದೆ. ಮಾತೇ ಬಿಟ್ಟಳು. ಅಡುಗೆಗೆ ಜನ ಇಡುವಾ ಅಂದೆ, ಅದಕ್ಕೆ ಅತ್ತಳು. 'ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ಆಯ್ತಲ್ಲ, ಇನ್ನು ನಾನು ಯಾಕೆ ಇರ್ಬೇಕು' ಅಂತ ಕೇಳಿದಳು. ನಾನೆಂತ ಹೇಳುವುದು? ಪ್ಯಾಕೆಟಾದರೆ ನೀರು ಕುದಿಸಿ, ಸುರಿದು, ಸೌಟು ತಿರುಗಿಸಿದರೆ ಆಯ್ತು. ಅಷ್ಟು ಅವಳ ಕೈಯಲ್ಲಿ ಆಗ್ತದೆ. ಮಾಡಿದ್ದು ಅವಳೇ ಅಲ್ವಾ?"

"ಮತ್ತೆ ಮಿಷನು, ಮೈಲಿಗೆ, ಸೂತಕ?"

"ಸುಮ್ಮನೆ ಬೇಕು ಅಂದರೆ ಅವಳು ನಂಬ್ತಾಳಾ? ಶಾಸ್ತ್ರ ಅಂದರೆ ನಂಬ್ತಾಳೆ. ಅವಳಿಗೆ ಆಗುವುದಿಲ್ಲ ಅಂತ ಊರಲ್ಲಿ ಯಾರೂ ಹೇಳಬಾರದು ಮಗಾ. ನನಗೆ ಹುಚ್ಚು ಅಂತ ಬೇಕಾದರೆ ಹೇಳಲಿ."

ನನಗೆ ಅಳು ಬಂತು. ಕಾರಿನ ಡಿಕ್ಕಿಯೊಳಗೆ ತಲೆ ಹಾಕಿ, ಚೀಲ ಹುಡುಕುವ ಹಾಗೆ ಮಾಡಿದೆ. ಎದುರಿಗೇ ಇದ್ದ ಚೀಲವನ್ನು ಎಷ್ಟು ಹೊತ್ತು ಹುಡುಕಲಾದೀತು! ಕಣ್ಣೊರೆಸಿಕೊಂಡು ತಲೆ ಹೊರಗೆ ತೆಗೆದೆ.

"ಮಾವ, ನಿಮಗೆ ಏನಾದರೂ ಆದರೆ ಅತ್ತೆ ಯಾರಿಗೆ ಮಾಡಿ ಹಾಕುವುದು? ಈ ಉಪ್ಪು ತುಂಬಿದ ಪ್ಯಾಕೆಟ್ ಇವತ್ತಿಗೆ ಕೊನೆ. ನಿಮಗೆ ಬೇರೆ ಹುಚ್ಚು ಹಿಡಿಯಬೇಕು."

"ಯಾವುದು?"

"ಹೆರೆದ ಕಾಯಿಯ ಪ್ಯಾಕೆಟ್ ಬರ್ತದೆ. ಹೆಚ್ಚಿದ ತರಕಾರಿಯ ಪ್ಯಾಕೆಟ್ ಬರ್ತದೆ. ಹುರಿದ ರವೆ, ಉಪ್ಪು ಹಾಕದ್ದು, ಅದೂ ಸಿಗ್ತದೆ. ಒಗ್ಗರಣೆ, ಉಪ್ಪು, ಹುಳಿ ಎಲ್ಲ ಅತ್ತೆಯೇ ಹಾಕುವ ಹಾಗೆ. ಅದನ್ನೇ ಬೇಕು ಅಂತ ನೀವು ಹಟ ಹಿಡಿಯಬೇಕು."

ಮಾವ ಯೋಚನೆಗೆ ಬಿದ್ದರು. ಮೂಗಿನ ಮೇಲೆ ಕನ್ನಡಕ ಮೆಲ್ಲಗೆ ಮೇಲೆ ಹೋಯಿತು. "ಹೆಚ್ಚಿದ ತರಕಾರಿ ಸ್ವಲ್ಪ ಕಷ್ಟ. ಅದಕ್ಕೆ ಶಾಸ್ತ್ರ ಹುಡುಕಬೇಕು" ಎಂದರು. ಎರಡು ದಿನದಲ್ಲಿ ಹುಡುಕಿಯಾರು, ಆ ವಿಷಯದಲ್ಲಿ ನನಗೆ ಪೂರ್ತಿ ನಂಬಿಕೆ ಇತ್ತು.

ಮೇಲೆ ಹೋದೆವು. ಅತ್ತೆ ನೀರು ಕುದಿಯಲು ಇಟ್ಟು ಕಾಯುತ್ತಿದ್ದರು. ಹೊಸ್ತಿಲ ಈಚೆಯಿಂದಲೇ ಪ್ಯಾಕೆಟನ್ನು ಕತ್ತರಿಸಿ ಕೊಟ್ಟೆ. ಒಳಗಿದ್ದ ಉಪ್ಪುಖಾರದ ಪುಡಿಯ ಪೊಟ್ಟಣವನ್ನು ಯಾರಿಗೂ ಕಾಣದ ಹಾಗೆ ನನ್ನ ಬ್ಯಾಗಿಗೆ ಸೇರಿಸಿದೆ. ಅತ್ತೆ ಎರಡು ಕೈಯಿಂದಲೂ ಸೌಟು ಹಿಡಿದು, ನಿಧಾನ, ಬಹಳ ನಿಧಾನ, ಉಪ್ಪಿಟ್ಟು ತಿರುಗಿಸಿದರು. ಬಡಿಸುವಾಗ ಬಟ್ಟಲಿನ ಹೊರಗೆ ಸ್ವಲ್ಪ ಬಿತ್ತು. ಮಾವ ಅದನ್ನು ಒಳಗೆ ಹಾಕಿಕೊಂಡರು. ಒಂದು ತುತ್ತು ತಿಂದು, ಉಪ್ಪೂ ಇಲ್ಲದ ಖಾರವೂ ಇಲ್ಲದ ಅದಕ್ಕೆ "ಫಸ್ಟ್ ಕ್ಲಾಸ್" ಎಂದರು.

ಅತ್ತೆ ನನ್ನ ಹತ್ತಿರ ಬಂದು ಕೂತು, ಗುಟ್ಟು ಹೇಳುವವರ ಹಾಗೆ ತಗ್ಗಿದ ಸ್ವರದಲ್ಲಿ ಹೇಳಿದರು. "ಪಾಪ, ಇವರ ನಾಲಗೆ ಹೋಗಿಬಿಟ್ಟಿದೆ ಮಗಾ. ಇಲ್ಲದಿದ್ದರೆ ನನ್ನ ಅಡುಗೆ ಬಿಟ್ಟು ಇದನ್ನು ತಿನ್ತಿದ್ರಾ?"

"ಹೌದು ಅತ್ತೆ. ಪೂರ್ತಿ ಹೋಗಿದೆ" ಎಂದೆ. "ಇನ್ನು ಅದಕ್ಕೆ ಮದ್ದಿಲ್ಲ. ನೀವೇ ಸುಧಾರಿಸಿಕೊಂಡು ಹೋಗ್ಬೇಕು."

"ಹೋಗದೆ ಎಂತ ಮಾಡುವುದು. ಕಟ್ಟಿಕೊಂಡ ಮೇಲೆ ನೋಡ್ಕೊಳ್ಬೇಕಲ್ಲ" ಎಂದರು ಅತ್ತೆ.

ಮಾವ ತಲೆ ತಗ್ಗಿಸಿಕೊಂಡೇ ಬಟ್ಟಲನ್ನು ಅತ್ತೆಯ ಕಡೆ ಸರಿಸಿ, "ಇನ್ನು ಸ್ವಲ್ಪ ಹಾಕು" ಎಂದರು.